ಕುಂಬಾರ ಹುಳದ ಹೆರಿಗೆ

ಭಾಲ್ಕಿಯಲ್ಲಿ ನಮ್ಮ ಓಣಿಯ ನರ್ಸಬಾಯಿ ನೌಕರಿ ಮುಗಿದ ಮೇಲೂ ಎಲ್ಲರ ಬಾಯಿ ಮುಚ್ಚಿಸುತ್ತಿದ್ದದ್ದು ಒಂದೇ ಮಾತಿನಿಂದ: "ನನ್ನ ವಾರ್ಡಿನಾಗ ನಂದೇ ಮಾತು." ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೂ ಅದೇ ಉತ್ತರ.

ಕ್ರಿಸ್‌ಮಸ್ಸಿಗೆ ಸುಣ್ಣ ಹಚ್ಚಲು ಬಂದವನು ಅವರ ಬಾಗಿಲ ಮೇಲಿದ್ದ ಕುಂಬಾರ ಹುಳದ ಮಣ್ಣಿನ ಗೂಡನ್ನು ಕೆರೆಯಲು ಹೋದ. ನರ್ಸಬಾಯಿ ಅವನ ಕೈ ಹಿಡಿದರು.

"ಒಳಗ ಮರಿ ಅದ ನೋಡಪ್ಪಾ. ಅದರ ಊಟಕ್ಕಂತ ತಾಯಿ ಕೀಡಿಗೆ ಸೂಜಿ ಚುಚ್ಚಿ ಇಟ್ಟಾಳ. ಕೀಡಿ ಸಾಯಂಗಿಲ್ಲ, ಅಲ್ಲಾಡಂಗೂ ಇಲ್ಲ. ನಾವು ಆಪರೇಷನ್ನಿಗೆ ಮಲಗಿಸ್ತಿದ್ವಲ್ಲ, ಹಂಗ."

ಗೂಡು ಬಿಟ್ಟು ಉಳಿದ ಗೋಡೆಗೆಲ್ಲ ಸುಣ್ಣ ಬಿತ್ತು.

ಆ ಹುಳ ಗೂಡು ಕಟ್ಟಿದ ಮನೆಯಲ್ಲಿ ಕೂಸು ಹುಟ್ಟುತ್ತದೆಂದು ನಮ್ಮ ಕಡೆಯ ನಂಬಿಕೆ. ಕೇಕು ತಿನ್ನಲು ಹೋದ ನನ್ನ ಅತ್ತೆ ಗೂಡು ನೋಡಿ ನಕ್ಕರು: "ಈ ವಯಸ್ಸಿನಾಗ ತೊಟ್ಟಿಲ ಏನ್ರಿ?"

"ಬರ್ಲಿ ಬಿಡ್ರಿ. ತೊಟ್ಟಿಲ ನಾನೇ ಕಟ್ತೇನಿ."

ಬಿಸಿಲು ಬಲಿತ ಮೇಲೆ ಒಂದು ಮುಂಜಾನೆ ಗೂಡಿಗೆ ತೂತು ಬಿದ್ದಿತ್ತು. ನರ್ಸಬಾಯಿ ಪೇಢೆಯ ಡಬ್ಬಿ ಹಿಡಿದು ಮೊದಲು ನಮ್ಮ ಮನೆಗೇ ಬಂದರು. ಅತ್ತೆಯ ಕೈಗೆ ಒಂದು ಪೇಢೆ ಇಟ್ಟರು.

"ಹೆರಿಗಿ ಆತ್ರಿ, ತಿನ್ರಿ. ತೊಟ್ಟಿಲ ಬ್ಯಾಡಾತು. ಹುಟ್ಟಿದ ಕೂಡ್ಲೇ ಹಾರಿ ಹೋತು."