ಪ್ರಭಾವತಿಯಮ್ಮ ಕಡಲಿಗೆ ಬಿಟ್ಟು ಬಂದ ಹಿಮದ ಹುಳಗಳು

ಮೂಡುಬಿದಿರೆಯ ಪ್ರಭಾವತಿಯಮ್ಮ ಜೈನರು, ನೀರು ಸೋಸದೆ ಕುಡಿದವರಲ್ಲ. ಸೋಸಿದ ಬಟ್ಟೆಯಲ್ಲಿ ಉಳಿದ, ಕಣ್ಣಿಗೂ ಕಾಣದ ಜೀವಗಳನ್ನು ಕೊಡಪಾನದಲ್ಲಿ ಹಾಕಿ, ಬಾವಿಯ ನೀರು ಮುಟ್ಟುವವರೆಗೆ ಇಳಿಸಿ ಮೆಲ್ಲಗೆ ಬಿಡುತ್ತಾರೆ. ಮೇಲಿನಿಂದ ಸುರಿದರೆ ಪೆಟ್ಟಾಗುತ್ತದಂತೆ. ಬೇರೆ ನೀರಿಗೆ ಬಿಟ್ಟರೆ ಸಾಯುತ್ತವಂತೆ. ಗಂಡನ ಜೊತೆ ಅವರು ಅಷ್ಟು ಮೆತ್ತಗೆ ನಡೆದುಕೊಂಡದ್ದನ್ನು ನೆರೆಮನೆಯ ನಾವು ಯಾರೂ ನೋಡಿಲ್ಲ.

ಅವರ ತಮ್ಮನ ಮಗಳು ಮೇಘಾಳದ್ದೂ ಸೋಸುವ ಕೆಲಸವೇ. ಭೂಮಿಯ ತೆಂಕು ತುದಿಯ ಹಿಮದ ಸಮುದ್ರಕ್ಕೆ ಹಡಗಿನಲ್ಲಿ ಹೋಗಿ ಬಲೆ ಇಳಿಸುತ್ತಾಳೆ. ಸಿಕ್ಕಿದ ಹುಳಗಳನ್ನು ಸ್ಪಿರಿಟ್ ತುಂಬಿದ ಬಾಟ್ಲಿಗೆ ಹಾಕಿ, ಯಾವ ಜೀವ ಎಲ್ಲಿ ಉಂಟೆಂದು ನಕಾಶೆಯಲ್ಲಿ ಗುರುತು ಮಾಡುತ್ತಾಳೆ. ದೀಪಾವಳಿಗೆ ಬರುವಾಗ, ರಜೆಯಲ್ಲಿ ಕೂತು ಹೆಸರು ಪತ್ತೆಮಾಡಲೆಂದು ಅಂಥ ಒಂದು ಬಾಟ್ಲಿ ತಂದಿದ್ದಳು. ಒಂದು ಜಾಗದಿಂದ ಸಿಕ್ಕಿದ್ದು ಅದೊಂದೇ. ಒಳಗಿದ್ದವುಗಳ ಹೆಸರು ಪತ್ತೆಯಾಗದಿದ್ದರೆ ನಕಾಶೆಯಲ್ಲಿ ಆ ಜಾಗ ಖಾಲಿ.

ಅದನ್ನು ಅತ್ತೆಯ ಅಡುಗೆಮನೆಯಲ್ಲಿಟ್ಟು ಬೆಳ್ತಂಗಡಿಯ ಗೆಳತಿಯ ಮನೆಗೆ ಹೋದದ್ದು ಓದಿದವಳ ಬುದ್ಧಿ. ಸಂಜೆ ಬಂದರೆ ಬಾಟ್ಲಿ ತೊಳೆದು ಕವುಚಿ ಹಾಕಿತ್ತು.

"ಅತ್ತೇ, ಇದರಲ್ಲಿದ್ದದ್ದು ಎಲ್ಲಿ?"

"ಬಿಟ್ಟು ಬಂದೆ. ಮೂಲ್ಕಿ ಬಸ್ಸಿನಲ್ಲಿ ಹೋಗಿ, ಸಮುದ್ರಕ್ಕೆ. ಉಪ್ಪುನೀರಿನದ್ದನ್ನು ಬಾವಿಗೆ ಬಿಡ್ಲಿಕ್ಕೆ ಆಗ್ತದಾ?"

"ಅವು ಸತ್ತಿದ್ದವು ಅತ್ತೇ!"

"ಸತ್ತದ್ದಲ್ಲ ಮಾರಾಯ್ತಿ. ಮುಚ್ಚಳ ತೆಗೆದಾಗ ಸಾರಾಯಿ ವಾಸನೆ ಬಡಿಯಿತು. ಅಮಲಿನಲ್ಲಿ ಬಿದ್ದಿದ್ದವು. ಬಸದಿಗೆ ಹೋಗುವವರ ಮನೆಯಲ್ಲಿ ನಿನ್ನ ಕುಡುಕರನ್ನು ಇಟ್ಕೊಳ್ಬೇಕಾ ನಾನು?"

ಮೇಘಾ ಖಾಲಿ ಬಾಟ್ಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಆ ಜಾಗಕ್ಕೆ ಇನ್ನು ಹಡಗು ಯಾವಾಗ ಹೋಗ್ತದೋ! ನಕಾಶೆಯಲ್ಲಿ ಎಂತ ಹಾಕುವುದು? ಅಲ್ಲಿ ಏನೂ ಇಲ್ಲ ಅಂತಲಾ?"

"ಸುಳ್ಳು ಹಾಕ್ಬೇಡ. ಇತ್ತು, ನಾನೇ ನೋಡಿದ್ದೇನೆ. ಕೆಂಪು ಕೆಂಪು. ಮೀಸೆ ಇತ್ತು."

"ಮೀಸೆಯದ್ದು ಎಷ್ಟೋ ಜಾತಿ ಉಂಟು! ನಾಳೆ ಮೂಲ್ಕಿಯಲ್ಲಿ ಯಾರ ಬಲೆಗಾದ್ರೂ ಅದು ಸಿಕ್ಕಿ, ಹಿಮದ ಹುಳ ಇಲ್ಲಿಗೆ ಹೇಗೆ ಬಂತು ಅಂತ ಕೇಳಿದ್ರೆ?"

"ಮೇಘಾನ ಅತ್ತೆ ಬಸ್ಸಿನಲ್ಲಿ ಕರ್ಕೊಂಡು ಬಂದ್ರು ಅಂತ ಹೇಳು. ಟಿಕೇಟು ಉಂಟು."

ಮೇಘಾಳ ಆಫೀಸಿನ ಸಾಹೇಬರು ಫೋನಿನಲ್ಲಿ ಬೈದದ್ದು ಬೇಲಿಯಾಚೆಗೂ ಕೇಳಿಸಿತು. ಆಮೇಲೆ ನಕಾಶೆ ಅಚ್ಚಾಗಿ ಬಂತು. ಬೇರೆಲ್ಲ ಕಡೆ ಬಣ್ಣದ ಚುಕ್ಕೆ, ಆ ಜಾಗ ಮಾತ್ರ ಬಿಳಿ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಮಾದರಿ ಕಳೆದುಹೋಗಿದೆ' ಎಂದು ಬರೆದದ್ದನ್ನು ಮೇಘಾ ಓದಿ ಹೇಳಿದಳು.

ಪ್ರಭಾವತಿಯಮ್ಮನಿಗೆ ರೇಗಿತು.

"ಕಳೆದುಹೋದದ್ದು ಎಂಥದ್ದು? ಮನೆಗೆ ಹೋದದ್ದು!"