ಹೆಬ್ಬೆರಳ ಮೇಲಿನ ಶಾಯಿಗೆರೆ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ, ಗಾಯಗಳಿಗೆ ಪಟ್ಟಿ ಕಟ್ಟುವ ಪಟ್ಟಿಯಕ್ಕ ಕನ್ನಡಕವನ್ನು ಮೂಗಿಗೇರಿಸಿ, ದರ್ಜಿಯ ಬಲ ಹೆಬ್ಬೆರಳಿಗೆ ಸುತ್ತಿದ ಬಟ್ಟೆಯನ್ನು ನಿಧಾನವಾಗಿ ಬಿಚ್ಚುತ್ತಿದ್ದಾರೆ. ದರ್ಜಿ ಗೋಡೆಯ ಕಡೆ ಮುಖ ತಿರುಗಿಸಿ ಕುಳಿತಿದ್ದಾರೆ. ಅಂಗಡಿಯ ಕಬ್ಬಿಣದ ಬಾಗಿಲಿಗೆ ಸಿಕ್ಕಿ ಜಜ್ಜಿಹೋದ ಬೆರಳಿನ ತುದಿ ಒಣಗಿ ಕಪ್ಪಾಗಿದೆ. ಆ ಕಪ್ಪು ಕೀಲಿನವರೆಗೆ ಇಳಿದರೆ ಕೀಲನ್ನೂ ಕತ್ತರಿಸಬೇಕು ಎಂದಿದ್ದಾರೆ ಡಾಕ್ಟರು. ಕೀಲಿಲ್ಲದ ಹೆಬ್ಬೆರಳಿನಲ್ಲಿ ಸೂಜಿ ನಿಲ್ಲುವುದಿಲ್ಲ.

"ಇಳಿದಿದ್ಯಾ ಅಕ್ಕ?"

"ತಾಳಪ್ಪ, ಇನ್ನೂ ಬಿಚ್ಚೇ ಇಲ್ಲ. ನಾನು ಬಟ್ಟೆ ಹೊಲಿಯೋಕೆ ಕೊಟ್ರೆ ಇಷ್ಟು ಅವಸರ ಮಾಡ್ತೀಯಾ?"

ಇಪ್ಪತ್ತೆರಡು ವರ್ಷಗಳಿಂದ ಪಟ್ಟಿಯಕ್ಕನದು ಇದೇ ಕೆಲಸ. ದಿನಕ್ಕೆ ನಲವತ್ತರ ಮೇಲೆ ಗಾಯಗಳು. ಊಟಕ್ಕೆ ಕುಳಿತರೆ ಮಗಳು "ಅಮ್ಮ, ಗಾಯದ ಸುದ್ದಿ ಬೇಡ" ಎಂದು ಮೊದಲೇ ಬೇಲಿ ಹಾಕುತ್ತಾಳೆ. ಅವರ ಜೇಬಿನಲ್ಲಿ ಸದಾ ಇರುವ ಪೆನ್ನಿನ ಹಿಂದೆ ಒಂದು ತಪ್ಪಿದೆ.

"ಶುರುವಿನಲ್ಲಿ ಕಪ್ಪಗೆ ಕಂಡಿದ್ದನ್ನೆಲ್ಲ ಕಿತ್ತು ತೆಗೀತಿದ್ದೆ, ಚೊಕ್ಕ ಮಾಡ್ತಿದ್ದೀನಿ ಅಂತ. ಒಬ್ಬ ಅಜ್ಜಿ ಹಿಮ್ಮಡೀಲಿ ರಕ್ತ ಬಂತು. ಜೀವ ಇದ್ದದ್ದನ್ನೂ ಕಿತ್ತಿದ್ದೆ. ಅದೇ ಇವತ್ತಿಗೂ ಚುಚ್ಚುತ್ತೆ" ಎನ್ನುತ್ತಾರೆ ಪಟ್ಟಿಯಕ್ಕ.

ಅಂದಿನಿಂದ ಪ್ರತಿ ಮುಂಜಾನೆ ಕಪ್ಪಿನ ಅಂಚಿಗೆ ಶಾಯಿಗೆರೆ ಎಳೆದು, ಕಪ್ಪು ಅದನ್ನು ದಾಟುತ್ತದೆಯೇ ಎಂದು ಕಾಯುತ್ತಾರೆ. ನಮ್ಮೊಳಗೆ ಕ್ಷಣಕ್ಷಣಕ್ಕೂ ಲಕ್ಷಗಟ್ಟಲೆ ಜೀವಕೋಶಗಳು ಸಾಯುತ್ತವೆ. ಬೇರೆ ಕೋಶಗಳು ಅವನ್ನು ನುಂಗಿ, ಅರಗಿಸಿ, ಕೆಲಸಕ್ಕೆ ಬರುವ ಚೂರುಗಳನ್ನು ಮತ್ತೆ ಬಳಕೆಗೆ ಒದಗಿಸುತ್ತವೆ. ನೋವಿಲ್ಲ, ಸದ್ದಿಲ್ಲ, ನಾವು ನಮ್ಮ ಪಾಡಿಗೆ ಹರಟುತ್ತಿರುತ್ತೇವೆ. ಪೆಟ್ಟು ದೊಡ್ಡದಾದರೆ ಬಿಳಿ ರಕ್ತಕಣಗಳು ದಂಡುಗಟ್ಟಿ ಬಂದು, ಸತ್ತದ್ದಕ್ಕೂ ಬದುಕಿದ್ದಕ್ಕೂ ನಡುವೆ ಗಡಿ ಮೂಡಿಸುತ್ತವೆ. ಎಂಥ ಅಚ್ಚರಿ ಇದು! ಡಾಕ್ಟರು ಇದನ್ನು ವಿವರಿಸಿದ ದಿನ ಪಟ್ಟಿಯಕ್ಕ ಬುತ್ತಿ ಬಿಚ್ಚುವುದನ್ನೂ ಮರೆತು ತಮ್ಮ ಅಂಗೈಯನ್ನೇ ನೋಡುತ್ತ ಕುಳಿತಿದ್ದರಂತೆ.

ಬಟ್ಟೆ ಕಳಚುತ್ತದೆ. ಮೊದಲೆರಡು ದಿನ ಕೆಳಗಿಳಿದಿದ್ದ ಕಪ್ಪು, ಮೊನ್ನೆ ಎಳೆದ ಗೆರೆಯಲ್ಲೇ ನಿಂತಿದೆ. ಅದರ ಕೆಳಗೆ ನೂಲಿನಷ್ಟು ಸಣ್ಣ ಕೆಂಪು ಅಂಚು. ಕೀಲಿಗೂ ಅದಕ್ಕೂ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗವಿದೆ. ಅಷ್ಟರಲ್ಲಿ ಒಳಬಂದ ಡಾಕ್ಟರು ಬಗ್ಗಿ ನೋಡುತ್ತಾರೆ.

"ಕೀಲು ಉಳೀತು. ತುದಿ ತಾನಾಗೇ ಕಳಚಿಕೊಳ್ಳಲಿ, ಕತ್ತರಿಸೋದು ಬೇಡ."

ದರ್ಜಿ ಇಷ್ಟು ದಿನಗಳಲ್ಲಿ ಮೊದಲ ಸಲ ತಮ್ಮ ಬೆರಳನ್ನು ನೋಡುತ್ತಾರೆ. ಕಣ್ಣು ತುಂಬಿ ಬರುತ್ತದೆ. "ಇಷ್ಟು ಸಣ್ಣ ಹೊಲಿಗೆ ನನ್ನ ಕೈಲೂ ಬರಲ್ಲ ಅಕ್ಕ."

ಪಟ್ಟಿಯಕ್ಕ ಇಂದು ಹೊಸ ಗೆರೆ ಎಳೆಯುವುದಿಲ್ಲ. ಪೆನ್ನನ್ನು ಜೇಬಿಗಿಳಿಸಿ, ಹೊಸ ಬಟ್ಟೆ ಸುತ್ತತೊಡಗುತ್ತಾರೆ.

"ಅದು ನಿನ್ನ ಮೈಯ ಕೆಲಸಾನೇ ಕಣಪ್ಪ. ನಾನು ಅಡ್ಡ ಬರಲಿಲ್ಲ, ಅಷ್ಟೇ."