ವಾರದ ಪುಡಿ, ದಿನದ ಮಜ್ಜಿಗೆ

ನನ್ನದು ನರಗಳ ಕಾಯಿಲೆ. ಮೈಯನ್ನು ಕಾಯಬೇಕಾದ ಶಕ್ತಿಯೇ ನರಗಳ ಹೊದಿಕೆಯನ್ನು ತಿನ್ನುತ್ತದಂತೆ. ಎಡಗಾಲು ಮೊದಲು ಮರಗಟ್ಟಿತು, ಆಮೇಲೆ ಮನಸ್ಸು. ಚಿವುಟಿದರೂ ಗೊತ್ತಾಗದ ಕಾಲನ್ನು ನೋಡಿ ಅಳುವುದನ್ನು ಎಂದೋ ಬಿಟ್ಟಿದ್ದೆ.

ವಿಟಮಿನ್ ಡಿ ತೀರಾ ಕಡಿಮೆಯಿದೆ ಎಂದು ನಾವಿರುವ ನಾಗಪುರದ ಡಾಕ್ಟರು ವಾರಕ್ಕೊಂದು ಪುಡಿಯ ಪೊಟ್ಟಣ ಬರೆದುಕೊಟ್ಟರು. ಇಂಥ ಬಿಸಿಲಿನ ಊರಲ್ಲಿ ಅದರ ಕೊರತೆಯೇ ಎಂದು ನಗು ಬರಬೇಕಿತ್ತು. ಆದರೆ ಇಲ್ಲಿ ಬಿಸಿಲನ್ನು ಮೈಗೆ ತಾಗಿಸಿಕೊಳ್ಳುವವರು ಯಾರು? ಹೊರಗೆ ಹೊರಟರೆ ಕಣ್ಣೊಂದು ಬಿಟ್ಟು ಮುಖದ ತುಂಬ ಓಢಣಿ. ನಾನಂತೂ ಹೊರಗೇ ಹೋಗುತ್ತಿರಲಿಲ್ಲ.

ನನ್ನ ಗಂಡ ಧಾರವಾಡದ ಕಡೆಯವರು, ಇಲ್ಲಿನ ಆಯುಧ ಕಾರ್ಖಾನೆಯಲ್ಲಿ ನೌಕರಿ. ಆ ಪುಡಿಯನ್ನು ದಿನಾ ತೆಗೆದುಕೊಂಡರೆ ನನ್ನಂಥ ಕಾಯಿಲೆ ಅಡಗುತ್ತದೆ ಎಂಬ ವಿಡಿಯೊವನ್ನು ಯಾರದೋ ಮೊಬೈಲಿನಲ್ಲಿ ನೋಡಿ ಬಂದರು.

"ವಾರಕ್ಕೊಂದು ಎಲ್ಲಿ ಸಾಲತೈತಿ? ವಿಟಮಿನ್ ಐತಿ, ವಿಷ ಅಲ್ಲಲ್ಲ."

"ಆಗ್ಲಿ ಬಿಡ್ರಿ," ಎಂದೆ. ಬೇಡ ಎನ್ನುವುದಕ್ಕೂ ಹುರುಪು ಬೇಕು. ದಿನಾ ಬೆಳಿಗ್ಗೆ ಹಾಲಿನಲ್ಲಿ ಪುಡಿ ಕಲಸಿ ಕೊಡತೊಡಗಿದರು.

ಮೇ ತಿಂಗಳು ಬಂತು. ನನಗೆ ತಡೆಯಲಾಗದ ಬಾಯಾರಿಕೆ, ವಾಕರಿಕೆ, ಮಾತಿನ ನಡುವೆಯೇ ಮಂಪರು. ಈ ಊರಲ್ಲಿ ಮೇ ತಿಂಗಳಲ್ಲಿ ಇದಕ್ಕೆಲ್ಲ ಒಂದೇ ಹೆಸರು: ಲೂ, ಅಂದರೆ ಬಿಸಿಗಾಳಿ ಬಡಿಯುವುದು. ಪಕ್ಕದ ಮನೆಯ ಅಜ್ಜಿ ಪನ್ಹಾ ಎಂಬ ಮಾವಿನಕಾಯಿ ಪಾನಕ ಮಾಡಿ ಕಳಿಸಿದರು. ನಮ್ಮವರು ಇತವಾರಿ ಪೇಟೆಯಿಂದ ಕೂಲರಿಗೆ ಹೊಸ ಲಾವಂಚದ ತಟ್ಟಿ ತಂದು ಕಟ್ಟಿದರು. ಉಷ್ಣಕ್ಕೆ ನಮ್ಮ ಕಡೆ ಮಜ್ಜಿಗೆಯೇ ಮದ್ದು, ತಂಬಿಗೆಗಟ್ಟಲೆ ಕುಡಿಸಿದರು. ಸುಸ್ತಾಗಿದ್ದೇನೆಂದು ಪುಡಿಯನ್ನೂ ನಿಲ್ಲಿಸಲಿಲ್ಲ.

ಒಂದು ಬೆಳಿಗ್ಗೆ ಅವರನ್ನೇ ನೋಡಿ ನೀವು ಯಾರು ಎಂದು ಕೇಳಿದೆನಂತೆ. ಹಾಗೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು.

ಡಾಕ್ಟರು ಮೊದಲು ಕೇಳಿದ್ದು ಮೂತ್ರದ ಬಗ್ಗೆ. ಬಿಸಿಲು ಬಡಿದವರಿಗೆ ಅದು ಕಡಿಮೆಯಾಗಬೇಕು, ನನಗೆ ಪದೇ ಪದೇ ಹೋಗುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ವಿಪರೀತ ಏರಿತ್ತು. ದಿನಾ ಕುಡಿದ ಪುಡಿಯಿಂದ ಮೈ ಅದನ್ನು ಅತಿಯಾಗಿ ಎಳೆದುಕೊಳ್ಳುತ್ತಿತ್ತು, ಹಾಲು ಮಜ್ಜಿಗೆ ಇನ್ನಷ್ಟು ಒದಗಿಸುತ್ತಿದ್ದವು. ಕಿಡ್ನಿಗೆ ಪೆಟ್ಟು ಬಿದ್ದಿತ್ತು.

ನರದ ಕಾಯಿಲೆಗಾದರೂ ಏನಾದರೂ ಉಪಯೋಗವಾಗಿರಬಹುದೇ ಎಂದು ಗಂಡ ಹಿಂದಿಯಲ್ಲಿ ಕೇಳಿದರು. ಕೊರತೆಯಿದ್ದಷ್ಟನ್ನು ತುಂಬಿದರೆ ಮೂಳೆಗೆ ಒಳ್ಳೆಯದು, ದೊಡ್ಡ ಡೋಸು ಆ ಕಾಯಿಲೆಯನ್ನು ತಡೆಯುತ್ತದೆ ಎನ್ನಲು ಆಧಾರ ಸಾಲದು ಎಂದರು ಡಾಕ್ಟರು. ಗಂಡ ಗೋಡೆಯ ಕಡೆ ತಿರುಗಿ ಅತ್ತರು. ನನಗೆ ಸಿಟ್ಟೂ ಬರಲಿಲ್ಲ, ಕನಿಕರವೂ ಬರಲಿಲ್ಲ. ಡ್ರಿಪ್ಪಿನ ಹನಿ ನೋಡುತ್ತಾ ಮಲಗಿದ್ದೆ.

ಕ್ಯಾಲ್ಸಿಯಂ ಇಳಿಯಿತು. ಕಿಡ್ನಿ ಮಾತ್ರ ಮೊದಲಿನಂತಾಗಲಿಲ್ಲ. ಮನೆಗೆ ಬಂದ ಮೇಲೆ ಗಂಡ ನನ್ನ ಹತ್ತಿರ ಸುಳಿಯುವುದನ್ನೇ ಬಿಟ್ಟರು. ನೀರಿನ ಲೋಟವನ್ನೂ ಬಾಗಿಲ ಬಳಿಯ ಮೇಜಿನ ಮೇಲಿಟ್ಟು ಹೋಗುವರು. ತಮ್ಮ ಕೈಯ ಮೇಲೇ ಅವರಿಗೆ ನಂಬಿಕೆ ಹೋಗಿತ್ತು.

ಒಂದು ಸಂಜೆ ನಾನೇ ಕರೆದೆ. "ಇಲ್ಲಿ ಬಂದು ಕುಂದರ್ರಿ."

"ಏನ್ ತರ್ಲಿ?" ಬಾಗಿಲಲ್ಲೇ ನಿಂತರು.

"ಏನೂ ತರಬ್ಯಾಡ್ರಿ. ಬರೇ ನೀವು ಬರ್ರಿ."

ಬಂದು ಮಂಚದ ಅಂಚಿಗೆ ಕೂತರು. ಆಮೇಲೆ ನೋಡಿದರೆ ಅವರ ಕೈ ನನ್ನ ಎಡಗಾಲಿನ ಮೇಲಿತ್ತು. ಯಾವಾಗ ಇಟ್ಟರೋ ನನಗೆ ಗೊತ್ತಾಗಿರಲಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ. ಕೈಯನ್ನೇ ನೋಡುತ್ತಾ ಕೂತೆ.